ಬಾಯ್ಲರ್ ಮನೆಯ ಪದ್ಮಿನಿ

ಕೊಳ್ಳೇಗಾಲದ ಹೊರವಲಯದ ರೇಷ್ಮೆ ನೂಲು ಕಾರ್ಖಾನೆಯಲ್ಲಿ ಪದ್ಮಿನಿಗೆ ಮೊದಲು ಸಿಕ್ಕಿದ್ದು ಗೂಡು ಬೇಯಿಸುವ ಕೆಲಸ. ಬಿಸಿನೀರಿಗೆ ಬೆರಳಿನ ಚರ್ಮ ಸುಲಿಯತೊಡಗಿದಾಗ, ಬಾಯ್ಲರ್ ಮನೆಯಲ್ಲಿ ಸೌದೆ ಹಾಕಲು ಆಳಿಲ್ಲವೆಂದು ತಿಳಿದು ತಾನೇ ಹೋಗಿ ಕೇಳಿದಳು. ಹೆಂಗಸರು ಆ ಕಡೆ ತಲೆ ಹಾಕುತ್ತಿರಲಿಲ್ಲ. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಶಿವಯ್ಯ ಅವಳನ್ನು ಒಮ್ಮೆ ದಿಟ್ಟಿಸಿ, “ಸೌದೆ ಒಲೆ ಉರ್ಸಿದ್ದೀಯೇನವ್ವಾ?” ಎಂದ.

“ಉಟ್ಟಿದಾಗಿಂದ ಅದ್ನೇ ತಾನೇ ಮಾಡ್ತಿರಾದು ಕಣಣ್ಣ.”

“ಸರಿ, ಬಾ ಮತ್ತೆ.”

ಹಾಗೆ ನಾಲ್ಕು ವರ್ಷ ಕಳೆಯಿತು. ಶಿವಯ್ಯನಿಗೆ ಮೊಣಕಾಲು ನೋವು ಹೆಚ್ಚಿ, ಇನ್ನು ಕೆಲಸ ಸಾಕು ಎಂದ. ಸರ್ಟಿಫಿಕೇಟ್ ಇಲ್ಲದವರು ಬಾಯ್ಲರ್ ನಡೆಸುವಂತಿಲ್ಲ. ಮಾಲೀಕ ಶಾಂತಮೂರ್ತಿ ಮೈಸೂರಿನಿಂದ ಯಾರನ್ನಾದರೂ ಕರೆತರುವ ಯೋಚನೆಯಲ್ಲಿದ್ದಾಗ, “ಒರಗಿನೋರ್ ಯಾಕ್ ಸಾ? ಪದ್ಮಿನಿ ಪರೀಕ್ಸೆ ಕಟ್ತಾಳೆ” ಎಂದು ಶಿವಯ್ಯ ಹೇಳಿಬಿಟ್ಟ. ಪದ್ಮಿನಿಗೆ ಈ ಸಂಗತಿ ತಿಳಿದದ್ದು ಆಮೇಲೆ.

ಎಸ್ಸೆಸ್ಸೆಲ್ಸಿ ಮುಗಿಸಿ ಹದಿನೆಂಟು ವರ್ಷವಾಗಿತ್ತು. ಪುಸ್ತಕವೆಲ್ಲ ಇಂಗ್ಲಿಷ್. ಆಫೀಸಿನ ಪ್ರಭುಸ್ವಾಮಿ ಊಟದ ಬಿಡುವಿನಲ್ಲಿ ಓದಿ ಅರ್ಥ ಹೇಳಿದ್ದನ್ನು ಅವಳು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದಳು. ತನ್ನೂರು ಮಾಂಬಳ್ಳಿಯಿಂದ ಬರುವ ಬೆಳಗಿನ ಬಸ್ಸಿನಲ್ಲಿ ಅದನ್ನೇ ಬಾಯಿಪಾಠ ಮಾಡುವಳು. ಸಂಜೆ ಮನೆಯಲ್ಲಿ ಅವರೆಕಾಯಿ ಸುಲಿಯುತ್ತಲೂ ಅದೇ. ಓದು ಬಾರದ ಅತ್ತೆ ಚಿಕ್ಕಬಸಮ್ಮನ ಕಿವಿಗೂ ಅದು ಬಿದ್ದು ಬಿದ್ದು, ಒಂದು ದಿನ ಆಕೆಯೇ, “ಸೇಪ್ಟಿ ವಾಲ್ ಆದ್ಮೇಲೆ ಬ್ಲೋಡೌನ್ ಬರ್ಬೇಕಲ್ವೇನೇ, ಬುಟ್‌ಬುಟ್ಟೆಯಲ್ಲ!” ಎಂದು ತಿದ್ದಿದಳು.

ಆದರೂ ಮೊದಲ ಸಲ ಫೇಲಾದಳು. ಮೈಸೂರಿನಲ್ಲಿ ಪರೀಕ್ಷಕರು ಕೇಳಿದ್ದು ಒಂದೇ ದೊಡ್ಡ ಪ್ರಶ್ನೆ: ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ಬಾಯ್ಲರಿನ ನೀರು ಕಾಣದೇ ಹೋದರೆ ಏನು ಮಾಡುತ್ತೀರಿ?

“ತಕ್ಸಣ ನೀರ್ ಬುಡ್ತೀನಿ ಸಾ.”

“ಕಾದು ಕೆಂಪಾದ ಕಾವಲಿ ಮೇಲೆ ತಣ್ಣೀರು ಹೊಯ್ದರೆ ಏನಾಗುತ್ತಮ್ಮ? ಬಾಯ್ಲರ್ ಸಿಡಿಯುತ್ತೆ. ಮೊದಲು ಒಲೆಯ ಬೆಂಕಿ ಹೊರಗೆಳೆದು ಹಾಕಬೇಕು.”

ಮಾರನೇ ದಿನ ಶಿವಯ್ಯನ ಮುಂದೆ ಇದನ್ನು ಹೇಳುವಾಗ ಅವಳಿಗೆ ಅಳು ಬಂತು. ಅವನು ಬೈಯಲಿಲ್ಲ. “ತೆಪ್ಪು ನಂದು ಕಣವ್ವ. ನಾಕೊರ್ಸದಲ್ಲಿ ಒಂದ್ಸಲಾನೂವೆ ನೀರ್ ಕಾಣ್ದಂಗಾಗಕ್ಕೆ ನಾನ್ ಬುಡ್ನಿಲ್ಲ. ಕಾಣ್ದೆ ಓದ್ರೆ ಏನ್ ಮಾಡ್ಬೇಕು ಅಂತ ನಿಂಗೆಂಗ್ ಗೊತ್ತಾದಾತು?” ಎಂದ.

ಅಂದಿನಿಂದ ಪಾಠದ ರೀತಿಯೇ ಬದಲಾಯಿತು. ಅವಳು ಸೌದೆ ಎತ್ತುತ್ತಿದ್ದರೆ ಬೆನ್ನ ಹಿಂದಿನಿಂದ, “ಪಂಪು ನಿಂತೋಯ್ತು!” ಎಂದು ಕೂಗುವನು. ಬೂದಿ ಬಾಚುತ್ತಿದ್ದರೆ, “ವಾಲು ಕಚ್ಕೊಂಡದೆ, ತೆರೀತಿಲ್ಲ!” ಅವಳು ತಡಮಾಡದೆ ಉತ್ತರ ಹೇಳಬೇಕು, ಕೈ ಎಲ್ಲಿಗೆ ಹೋಗಬೇಕೆಂದು ತೋರಿಸಬೇಕು. ನೂಲು ತೆಗೆಯುವ ಹೆಂಗಸರು ಮೊದಮೊದಲು ನಿಜವೆಂದೇ ನಂಬಿ ಹೊರಗೋಡಿದ್ದುಂಟು, ಆಮೇಲೆ ನಗತೊಡಗಿದರು. ಮೊಣಕಾಲು ನೋವನ್ನು ನುಂಗಿಕೊಂಡು ಶಿವಯ್ಯ ಇನ್ನೂ ಏಳು ತಿಂಗಳು ಕೆಲಸಕ್ಕೆ ಬಂದ.

ಎರಡನೇ ಸಲ ಪರೀಕ್ಷಕರ ಯಾವ ಪ್ರಶ್ನೆಗೂ ಅವಳು ತಡವರಿಸಲಿಲ್ಲ. ಕೊನೆಗೊಬ್ಬರು, “ಕೆಲಸ ಬೇಗ ಮುಗೀಬೇಕು, ಒತ್ತಡ ಮಿತಿ ಮೀರಿಸು ಅಂತ ಮಾಲೀಕರೇ ಹೇಳಿದರೆ?” ಎಂದು ಕೇಳಿದರು.

“ಆಗಲ್ಲ ಅಂತೀನಿ ಸಾ.”

“ಕೆಲಸದಿಂದ ತೆಗೀತೀನಿ ಅಂದರೆ?”

“ತಗೀಲಿ ಸಾ. ಗೋಡೆ ಆಚೆಗೆ ಮೂವತ್ ಜನ ಎಂಗಸ್ರು ಕುಂತವ್ರೆ.”

ಪರೀಕ್ಷಕರು ತಲೆಯೆತ್ತಿ ಅವಳನ್ನೊಮ್ಮೆ ನೋಡಿ, ಮುಂದಿನವರನ್ನು ಕರೆಯಲು ಹೇಳಿದರು.

ಫಲಿತಾಂಶ ಬಂದದ್ದು ಒಂದು ತಿಂಗಳ ಮೇಲೆ. ಪಾಸಾಗಿದ್ದಳು. ಓಡಿಹೋಗಿ ಹೇಳಿದರೆ ಶಿವಯ್ಯ ಕೈ ಒರೆಸಿಕೊಂಡು ಟವೆಲನ್ನು ಹೆಗಲಿಗೆ ಹಾಕಿಕೊಂಡ. “ಸರಿ. ನಾಳಿಂದ ನಾನ್ ಬರಲ್ಲ.”

“ಒಂದೆರಡ್ ದಿನ ಜೊತೇಲಿರಣ್ಣ.”

“ನಾನಿದ್ರೆ ನೀನು ನನ್ ಮಕ ನೋಡ್ತೀಯೆ. ಬಾಯ್ಲರ್ ನೋಡವ್ವ.”

ಮರುದಿನ ಬೆಳಿಗ್ಗೆ ಪದ್ಮಿನಿ ಒಬ್ಬಳೇ ಬಾಗಿಲು ತೆಗೆದಳು. ನೀರಿನ ಮಟ್ಟ ನೋಡಿದಳು, ಕೊಳವೆ ತೊಳೆದು ಮತ್ತೊಮ್ಮೆ ನೋಡಿದಳು. ಬೆಂಕಿ ಹಚ್ಚಿದಳು. ಒತ್ತಡ ತೋರಿಸುವ ಮುಳ್ಳು ನಿಧಾನವಾಗಿ ಮೇಲೇರಿತು. ಏಳೂವರೆಗೆ ಗೋಡೆಯಾಚೆಯಿಂದ ಯಾರೋ, “ಆವಿ ಬುಡಕ್ಕಾ!” ಎಂದು ಕೂಗಿದರು. ಅವಳು ಇನ್ನೊಮ್ಮೆ ಮುಳ್ಳು ನೋಡಿ, ಎರಡೂ ಕೈಯಿಂದ ಚಕ್ರ ತಿರುಗಿಸಿದಳು.