ಸಮುದ್ರದ ಕೆಸರಿನ ಏಳು ಗಾಜಿನ ಕಾಳು

ಬೆಳಗಿನ ಆರು ಗಂಟೆ. ಹೈದರಾಬಾದಿನ ಪ್ರಯೋಗಾಲಯವೊಂದರ ಮೂಲೆಕೋಣೆಯಲ್ಲಿ ಪಾರ್ವತಿಬಾಯಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಿದ್ದಾರೆ. ಇದು ೧೯೮೯ರ ಮೇ ತಿಂಗಳು. ಆದರೂ ಫ್ಯಾನ್ ಹಾಕುವಂತಿಲ್ಲ, ತಟ್ಟೆಯ ಕಣಗಳು ಹಾರಿಹೋಗುತ್ತವೆ. ಹಾಗಾಗಿ ಬಿಸಿಲೇರುವ ಮೊದಲೇ ಮಲ್ಕಾಜ್‌ಗಿರಿಯಿಂದ ಬಂದುಬಿಡುತ್ತಾರೆ.

ಹಿಂದೂ ಮಹಾಸಾಗರದ ತಳದ ಕೆಸರನ್ನು ತೊಳೆದು, ಜರಡಿ ಹಿಡಿದು, ಒದ್ದೆ ಕುಂಚದ ತುದಿಯಿಂದ ಗಾಜಿನ ಕಾಳು ಆರಿಸುವುದು ಇವರ ಕೆಲಸ. ಸಾಸಿವೆಗಿಂತಲೂ ಸಣ್ಣ ಕಾಳು. ಏಳೆಂಟು ಲಕ್ಷ ವರ್ಷಗಳ ಹಿಂದೆ ಆಗ್ನೇಯ ಏಷ್ಯಾದ ಕಡೆ ಉಲ್ಕೆ ಬಿದ್ದಾಗ ಹುಟ್ಟಿದ್ದು. "ಆ ಹೊಡತಕ್ಕ ನೆಲಾನ ಕರಗಿ ಮ್ಯಾಲೆ ಹಾರೇತ್ರಿ. ಹಾರೂಮುಂದ ಗಾಳ್ಯಾಗ ಆರೇತಿ. ಹರಳಾಗಾಕ ಪುರಸತ್ತ ಸಿಗಲಿಲ್ಲ, ಗಾಜಾತು" ಎನ್ನುತ್ತಾರೆ ಏಳನೇ ತರಗತಿ ಓದಿದ ಈ ರಾಯಚೂರಿನ ಹೆಣ್ಣುಮಗಳು. ದಿನಕ್ಕೆ ನಾಲ್ಕು ತಟ್ಟೆ, ಹೀಗೆ ಹನ್ನೆರಡು ವರ್ಷ. ಕೆಲವು ವಾರ ಒಂದು ಕಾಳೂ ಸಿಗುವುದಿಲ್ಲ. ವಿಜ್ಞಾನಿಗಳ ಲೇಖನಗಳಲ್ಲಿ ಇವರ ಹೆಸರೂ ಸಿಗುವುದಿಲ್ಲ.

ಹೋದ ತಿಂಗಳು ಒಂದೇ ತಟ್ಟೆಯಲ್ಲಿ ಏಳು ಸಿಕ್ಕವು. ಹೊಸದಾಗಿ ಬಂದ ಅಧಿಕಾರಿ ನರಹರಿ ನೋಡದೆಯೇ, "ನಿನ್ನ ಬಳೆ ಚೂರು ಬಿದ್ದಿರ್ಬೇಕಮ್ಮ, ಚೆಲ್ಲು" ಎಂದರು. ರಿಜಿಸ್ಟರಿನಲ್ಲೂ ಹಾಗೇ ಬರೆದರು. ಇವರ ಬಗ್ಗೆ ಬರೆಯಲೆಂದು ಬಂದ ನನಗೇ ಇದನ್ನು ಕೇಳಿ ಮೈ ಉರಿಯಿತು. ತಟ್ಟೆಗೆ ಚೂರು ಬೀಳಬಾರದೆಂದೇ ಪಾರ್ವತಿಬಾಯಿ ಹನ್ನೆರಡು ವರ್ಷದಿಂದ ಬಳೆ ಕಳಚಿಟ್ಟು ಬರುತ್ತಾರೆ. "ಮುತ್ತೈದಿ ಬರಿಗೈಲೆ ಹೊಂಟಾಳ" ಎಂದು ಅತ್ತೆ ಅಂಬವ್ವ ಇಂದಿಗೂ ಬೈಯುತ್ತಾರೆ.

ಪಾರ್ವತಿಬಾಯಿ ತಟ್ಟೆ ಕೊಡಲಿಲ್ಲ. "ಮೊದಲ ನೋಡ್ರಿ, ಆಮ್ಯಾಲ ಚೆಲ್ರಿ" ಎಂದರು. ಮರುದಿನ ಮನೆಯಿಂದ ತಮ್ಮದೇ ಹಸಿರು ಬಳೆ ತಂದು, ಎಲ್ಲರೆದುರು ಒಡೆದರು. ಗಂಡ ಸತ್ತಾಗ ಮಾತ್ರ ಒಡೆಯುವ ಬಳೆ! ಟೈಪಿಸ್ಟ್ ಪ್ರೇಮಾ ಕೈಯಿಂದ ಬಾಯಿ ಮುಚ್ಚಿಕೊಂಡರಂತೆ. ಅಷ್ಟು ಸಿಟ್ಟಿನಲ್ಲೂ ಒಡೆದದ್ದು ಹೊರಗೆ ವರಾಂಡದಲ್ಲಿ, ತಟ್ಟೆಗಳಿಂದ ದೂರ. ಒಂದು ಚೂರನ್ನು ಬೇರೆ ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದ ಕೆಳಗೆ ಸರಿಸಿದರು.

"ನೋಡ್ರಿ ಸಾಹೇಬ್ರ, ಬಳಿ ಚೂರಿಗೆ ಅಂಚು ಹೆಂಗ ಹರಿತ ಐತಿ. ಈಗ ಇವನ್ನ ನೋಡ್ರಿ. ಹಾರಿ ದುಂಡಗಾದವು. ಇದಕ್ಕ ಬಾಲ ಐತಿ, ಇದರ ಹೊಟ್ಟ್ಯಾಗ ಗುಳ್ಳಿ ಐತಿ."

ನರಹರಿ ಬಹಳ ಹೊತ್ತು ನೋಡಿದರು. ಕ್ಷಮೆ ಕೇಳಲಿಲ್ಲ. ತಾವೇ ಬರೆದ ಸಾಲನ್ನು ಹೊಡೆದುಹಾಕಿ 'ಉಲ್ಕೆಯ ಗಾಜು, ಏಳು' ಎಂದು ಬರೆದರು.

ಬಳೆ ಒಡೆಯುವಾಗ ಹೆದರಿಕೆ ಆಗಲಿಲ್ಲವೇ ಎಂದು ಕೇಳುತ್ತೇನೆ. ಪಾರ್ವತಿಬಾಯಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ನಗುತ್ತಾರೆ.

"ನಮ್ಮನಿಯವ್ರು ಗಟ್ಟಿಮುಟ್ಟಾಗಿ ಅದಾರ್ರಿ, ರೈಲ್ವೇ ಡ್ಯೂಟಿಗೆ ಹೋಗ್ಯಾರ. ನನ್ನ ಏಳು ಕಾಳೂ ರಿಜಿಸ್ಟರ್‌ನ್ಯಾಗ ಅದಾವ."