ಬಿಳಿಯಾಗಿ ಉಳಿದ ಎರಡು ಪಟ್ಟೆ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಆಗೆಲ್ಲ ಮಗ್ಗದ ಸದ್ದು ನಿಂತರೇನೇ ಮಕ್ಕಳಿಗೆ ಎಚ್ಚರವಾಗುತ್ತಿತ್ತು. ಮನೆಮಾತು ದಖ್ಖನಿ ಉರ್ದುವಾದರೂ ಮಗ್ಗದ ಮುಂದೆ ನಿಂತರೆ ಅಬ್ಬಾ ಕನ್ನಡವೇ ಆಡುತ್ತಿದ್ದರು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ಅಜಂತಾಕ್ಕೆ ಟೂರ್ ಹೊರಟಿತು. ಪಾಠದ ಪುಸ್ತಕದಲ್ಲಿದ್ದ ಗುಹೆಯ ಚಿತ್ರವನ್ನು ಅಬ್ಬಾ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಅದರಲ್ಲೊಬ್ಬ ಹೆಂಗಸು ಪಟ್ಟೆ ಪಟ್ಟೆಯ ಬಟ್ಟೆ ಉಟ್ಟಿದ್ದಳು.

“ಯಾವ ಬಣ್ಣ ಆದ್ಮೇಲೆ ಯಾವ್ದು ಅಂತ ಸರಿಯಾಗಿ ನೋಡ್ಕೊಂಡ್ ಬಾ ಬೇಟಿ. ಹಂಗೇ ನೇಯ್ದು ನಿಂಗೆ ದುಪಟ್ಟಾ ಮಾಡ್ಕೊಡ್ತೀನಿ,” ಎಂದು ಒಂದು ರಟ್ಟಿನ ತುಂಡು, ಮಿಕ್ಕ ರೇಷ್ಮೆ ಎಳೆಗಳನ್ನು ಕೊಟ್ಟರು. ನಮ್ಮ ಮನೆಯಲ್ಲಿ ಪಟ್ಟೆಯ ಮಾದರಿಯನ್ನು ಬರೆದುಕೊಳ್ಳುತ್ತಿರಲಿಲ್ಲ. ಬಣ್ಣದ ಎಳೆಗಳನ್ನೇ ಅದೇ ಸಾಲಿನಲ್ಲಿ ರಟ್ಟಿಗೆ ಸುತ್ತಿಕೊಳ್ಳುತ್ತಿದ್ದೆವು.

ಬಸ್ಸಿನ ತುಂಬ ಚಿತ್ರಾನ್ನದ ವಾಸನೆ, ಅಂತ್ಯಾಕ್ಷರಿ, ಒಂದಿಬ್ಬರ ವಾಂತಿ. ಗುಹೆಯೊಳಗೆ ಮಾತ್ರ ತಣ್ಣಗಿತ್ತು, ಬಾವಲಿಗಳ ವಾಸನೆ. ದೊಡ್ಡ ಬುದ್ಧನಿಗೆ ಕೈಮುಗಿದು ಎಲ್ಲರೂ ಮುಂದೆ ಹೋದರು. ನಾನು ಗೋಡೆಯ ಮೇಲಿನ ಆ ಹೆಂಗಸಿನ ಎದುರು ಕೂತೇಬಿಟ್ಟೆ. ಕಾವಿ, ಹಸಿರು, ಮತ್ತೆ ಕಾವಿ... ಹೀಗೆ ಏಳು ಪಟ್ಟೆ ಸುತ್ತಿದೆ. ಎಂಟನೆಯದು ಮಬ್ಬಾಗಿತ್ತು. ಬಣ್ಣ ಹೋಲಿಸಲು ಎಳೆಯೊಂದನ್ನು ಗೋಡೆಯ ಹತ್ತಿರ ಹಿಡಿದೆ. ಕಾವಲುಗಾರ ಕೂಗಿಕೊಂಡ. ಸಮಾಜ ಪಾಠದ ಮೇಷ್ಟ್ರು ಓಡಿ ಬಂದರು.

“ಚಿತ್ರ ಕೆರೀತಿದ್ದೀಯೇನೇ? ನಡಿ ಆಚೆ!”

“ಮುಟ್ಟಿಲ್ಲ ಸಾರ್. ಇನ್ನೆರಡು ಪಟ್ಟೆ ಬಾಕಿ ಐತೆ, ಮುಗಿಸ್ಬಿಟ್ಟು ಬರ್ತೀನಿ.”

“ಎದುರುತ್ತರ ಬೇರೆ!”

“ಬೇಕಾದ್ರೆ ಹೊಡೀರಿ ಸಾರ್. ಏಳಲ್ಲ.”

ತೋಳು ಹಿಡಿದು ಎಳೆದೊಯ್ದು ಬಸ್ಸಿನಲ್ಲಿ ಕೂರಿಸಿದರು. ಉಳಿದ ಗುಹೆಗಳನ್ನು ನಾನು ನೋಡಲೇ ಇಲ್ಲ. “ಸಾರಿ ಕೇಳ್ಬಿಡೇ, ಬಿಟ್ಬಿಡ್ತಾರೆ” ಅಂದಳು ಗೆಳತಿ ರತ್ನ. ಯಾಕೆ ಕೇಳಬೇಕು? ನಾನೇನು ಕದ್ದಿದ್ದೆನೆ? ಕೇಳಲಿಲ್ಲ.

ಮನೆಯಲ್ಲಿ ಅಬ್ಬಾನ ಕೈಗೆ ರಟ್ಟು ಕೊಟ್ಟಾಗ ಮಾತ್ರ ಅಳು ತಡೆಯಲಾಗಲಿಲ್ಲ. “ಕೊನೇ ಎರಡಕ್ಕೆ ಯಾವ್ದಾದ್ರೂ ಬಣ್ಣ ಹಾಕ್ಬಿಡಿ ಅಬ್ಬಾ” ಅಂದೆ.

“ಯಾವ್ದಾದ್ರೂ ಹೆಂಗೆ ಹಾಕ್ಲಿ? ಅದನ್ನ ನೇಯ್ದೋನು ಏನು ದಡ್ಡನಾ? ಬಿಳೀನೇ ಬಿಡ್ತೀನಿ. ಇನ್ನೊಂದ್ಸಲ ಹೋಗಿ ನೋಡ್ಕೊಂಡ್ ಬಾ, ಆವಾಗ ಪೂರ್ತಿ ನೇಯ್ತೀನಿ.”

ದುಪಟ್ಟಾ ಹಾಗೇ ಬಂತು: ಏಳು ಬಣ್ಣದ ಪಟ್ಟೆ, ತುದಿಯಲ್ಲಿ ಎರಡು ಬಿಳಿ. ಶಾಲೆಯ ವಾರ್ಷಿಕೋತ್ಸವಕ್ಕೆ ಅದನ್ನೇ ಹೊದ್ದು, ಬೇಕಂತಲೇ ಮೇಷ್ಟ್ರ ಕಣ್ಣೆದುರು ಓಡಾಡಿದೆ.

ಹೋದ ವರ್ಷ ಮತ್ತೆ ಅಜಂತಾಕ್ಕೆ ಹೋಗಿ ಆ ಹೆಂಗಸಿನ ಎದುರು ಕೂತೆ. ಕಾವಲುಗಾರ ಮುಂದೆ ನಡೆಯಲು ಹೇಳಿದ. ಅವನಿಗೆ ಕನ್ನಡ ಬಾರದೆಂದು ಗೊತ್ತಿದ್ದೂ “ಎರಡು ಪಟ್ಟೆ ಬಾಕಿ ಐತೆ, ಏಳಲ್ಲ” ಅಂದೆ. ಏಳಲಿಲ್ಲ. ಒಂದು ಕಾವಿ, ಒಂದು ಕಡುನೀಲಿ. ಅದೇ ಹಳೆಯ ರಟ್ಟಿಗೆ ಸುತ್ತಿಕೊಂಡು ಬಂದೆ.

ಈಗ ನಮ್ಮ ಬೀದಿಯ ಮಕ್ಕಳು ಮೊಬೈಲಿನ ಅಲಾರಂಗೆ ಏಳುತ್ತಾರೆ. ನಮ್ಮ ಮಗ್ಗ ಗುಜರಿಗೆ ಹೋಯಿತು. ಅಬ್ಬಾ ತೀರಿಕೊಂಡು ನಾಲ್ಕು ವರ್ಷ. ರಟ್ಟು ಪೂರ್ತಿಯಾಗಿದೆ, ತೋರಿಸಲು ಅವರಿಲ್ಲ. ದುಪಟ್ಟಾದ ಬಿಳಿ ಪಟ್ಟೆಗೆ ಬಣ್ಣ ಹಾಕಿಸಿಕೊಡುತ್ತೇನೆಂದು ಮಗಳು ಹೇಳುತ್ತಿರುತ್ತಾಳೆ. ಖಂಡಿತ ಬೇಡ ಅಂದಿದ್ದೇನೆ. ಅದನ್ನು ನೇಯುತ್ತೇನೆ ಅಂದವರು ಅಬ್ಬಾ.