ಬೀಗ ತೆಗೆಯದ ಗೇಟು

“ಇವಳ ಮನೆ ಹಾಳಾಗ, ಕಲ್ಲುಕಂಬದ ಥರ ನಿಂತವ್ಳೆ!” ಎಂದು ಗೇಟು ಕಾಯುವ ಹೆಂಗಸನ್ನು ನಾನು ಜೋರಾಗಿಯೇ ಬೈದೆ. ಕೊಯಮತ್ತೂರಿನ ಫುಟ್‌ಬಾಲ್ ಮೈದಾನದಲ್ಲಿ ನಮ್ಮ ಬೆಂಗಳೂರಿನ ತಂಡ ಸೋತಿತ್ತು. ಊರಿನ ಅಭಿಮಾನಿಗಳೆಲ್ಲ ಹೋಗುವ ತನಕ ಹೊರಗಿನವರನ್ನು ಬಿಡುವುದಿಲ್ಲ ಎಂದು ಆಟ ನೋಡಲು ಬಂದಿದ್ದ ನಮ್ಮನ್ನು ಬಿಸಿಲಿಗೆ ಕಾದ ಸಿಮೆಂಟ್ ಮೆಟ್ಟಿಲುಗಳ ಮೇಲೆ ಕೂಡಿಹಾಕಿದ್ದರು. ನೆರಳಿಲ್ಲ, ಕುಡಿಯಲು ನೀರಿಲ್ಲ. ಮೈದಾನ ಖಾಲಿಯಾದರೂ ಆ ಹೆಂಗಸು ಬೀಗ ತೆಗೆಯಲಿಲ್ಲ. ಗಾಂಧಿಪುರಂನಿಂದ ಹೊರಡುವ ನಮ್ಮ ಬಸ್ಸು ತಪ್ಪುವುದರಲ್ಲಿತ್ತು. ತಮಿಳಿನವಳಿಗೆ ಕನ್ನಡ ಏನು ತಿಳಿಯುತ್ತದೆ ಎಂದು ಎಲ್ಲರೂ ಬಾಯಿಗೆ ಬಂದಂತೆ ಬೈದೆವು.

ಅವಳು ಕಂಬಿ ಹಿಡಿದು ಹತ್ತಿರ ಬಂದಳು. ಕಣ್ಣು ತುಂಬಿತ್ತು.

“ಇನ್ನೊಸಿ ಬೈಯಿ ತಂಬಿ. ನಮ್ಮವ್ವ ಇಂಗೇ ಬೈಯ್ತಿದ್ಲು. ಹೋದ ತಿಂಗ್ಳು ತೀರ್ಕೊಂಡ್ಲು. ಮನೇಲಿ ಈಗ ಎಲ್ಲಾರೂ ತಮಿಳೇ. ನಿಮ್ ಮಾತು ಕೇಳ್ತಾ ಬೀಗ ತೆಗೆಯೋಕೆ ಮನ್ಸು ಬರ್ಲಿಲ್ಲ,” ಎಂದಳು, ತಮಿಳು ರಾಗದ ಕನ್ನಡದಲ್ಲಿ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಗೇಟು ತೆಗೆದಳು.

ಯಾವ ಊರಿನ ಮೈದಾನ ಕೆಟ್ಟದ್ದು ಎಂದು ಗೆಳೆಯರು ಕೇಳಿದರೆ ಇಂದಿಗೂ ಕೊಯಮತ್ತೂರು ಅಂತಲೇ ಹೇಳುತ್ತೇನೆ; ಬಿಸಿಲು, ನೀರಿನ ಮಾತಷ್ಟೇ ಆಡುತ್ತೇನೆ, ಇದನ್ನಲ್ಲ. ಅಷ್ಟು ಹೊತ್ತು ಬೈದ ನನ್ನ ಬಾಯಿಗೆ, ಗೇಟು ದಾಟುವಾಗ ಅವಳಿಗೆಂದು ಒಂದೇ ಒಂದು ಒಳ್ಳೆಯ ಕನ್ನಡ ಮಾತು ಬರಲಿಲ್ಲ.